ಕಿವಿಯ ನ್ಯಾಯ

ಬಯಲಾಟದಲ್ಲಿ ಮದ್ದಳೆಯು ಹಾಡನ್ನು ನುಂಗಿದರೆ ಹಿಮ್ಮೇಳವು ಕೆಟ್ಟಿತೆಂದು ಹರಪನಹಳ್ಳಿ, ಹಡಗಲಿಗಳ ಹಳ್ಳಿಗನೂ ಹೇಳಬಲ್ಲನು. ಬೇರೆಬೇರೆಯಾಗಿ ಮುದ್ರಿಸಿದ ನಾದಗಳನ್ನು ಹದವರಿತು ಕೂಡಿಸುವ ಮಿಕ್ಸಿಂಗ್ ಕಾರ್ಯವೂ ಅಂತಹ ನ್ಯಾಯನಿರ್ಣಯವೇ. 2000ನೆಯ ಇಸವಿಯಲ್ಲಿ ಹೊರಬಂದ 'ಆಡಾಸಿಟಿ'ಯಂತಹ ಉಚಿತ ತಂತ್ರಾಂಶಗಳಿಂದ ಅದೀಗ ಬಡವನ ಮಲಗುವ ಕೋಣೆಯಲ್ಲಿಯೂ ಸಾಧ್ಯವು. ಆದರೆ ಹಣವಿಲ್ಲದವನು ನ್ಯಾಯವಾಗಿ ಕೇಳಬಲ್ಲನೆ?

ಚಿಕ್ಕ ಕೋಣೆಯು ಸುಳ್ಳಾಡುತ್ತದೆ. ಅದರ ಗೋಡೆಗಳು ಮಂದ್ರನಾದವನ್ನು ಒಂದೆಡೆ ಉಬ್ಬಿಸಿ ಇನ್ನೊಂದೆಡೆ ಅಡಗಿಸುವುವು. ತೂಗಬಿಟ್ಟ ಕಂಬಳಿಯು ತಾರನಾದದ ಮಾರ್ದನಿಯನ್ನು ಕುಗ್ಗಿಸೀತೇ ಹೊರತು ಮಂದ್ರವನ್ನು ತಡೆಯಲಾರದು. ಆದುದರಿಂದ ಬಲ್ಲವನು ಸ್ಥಳವನ್ನು ಬದಲಿಸಿ, ಸಣ್ಣ ದನಿಯಲ್ಲಿಟ್ಟು, ಪರಿಚಿತ ಹಾಡೊಂದಕ್ಕೆ ಹೋಲಿಸಿ, ಮರುದಿನ ಮತ್ತೆ ಕೇಳುವನು. ಇದಕ್ಕೆ ಹಣ ಬೇಡ. ತನ್ನ ಕಿವಿಯನ್ನೇ ಶಂಕಿಸುವ ವಿನಯ ಬೇಕು. ಸಾಧನದ ಬಡತನವು ದೋಷವಲ್ಲ. ತನ್ನ ಕೋಣೆಯ ತೀರ್ಪನ್ನೇ ಲೋಕದ ತೀರ್ಪೆಂದು ಬಗೆದು, ಹಾಡಿದವನ ದನಿಯನ್ನು ಹೂಳುವುದೇ ದೋಷವು.