ಜಾಬ್ ಕಾರ್ಡ್‌ನ ಖಾಲಿ ಪುಟ

ಕಲಬುರಗಿ ಸೀಮೆಯ ಕೊಳಕೂರದಂಥ ಊರಲ್ಲಿ ಕೂಲಿಕಾರರ ಮನೆಗೆ ಹೋಗಿ ‘ಜಾಬ್ ಕಾರ್ಡ್ ತೋರಿಸ್ರಿ’ ಅಂದರೆ ಅದೊಂದೇ ಹೊರಗೆ ಬರುವುದಿಲ್ಲ. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್, ಮಗಳ ಟಿ.ಸಿ., ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತವೆ. ಟ್ರಂಕಿನ ತಳದಲ್ಲಿಯೋ ಜಂತಿಯ ಸಂದಿಯಲ್ಲಿಯೋ ಮಳೆ ತಾಗದಂತೆ ಇಟ್ಟ ಗಂಟು ಅದು. ಕಾರ್ಡಿನ ಮೊದಲ ಪುಟದಲ್ಲಿ ಮನೆಯವರ ಹೆಸರು, ಫೋಟೊ. ಒಳಗೆ ಗೆರೆ ಹೊಡೆದ ಕಲಂಗಳು: ಕೆಲಸ ಕೇಳಿದ ದಿನ, ಕೊಟ್ಟ ಕೆಲಸ, ದುಡಿದ ದಿನಗಳು, ಕೈಗೆ ಬಂದ ಕೂಲಿ. ಎಷ್ಟೋ ಕಾರ್ಡುಗಳಲ್ಲಿ ಆ ಕಲಂಗಳು ಖಾಲಿಯೇ ಇವೆ. ದುಡಿದವಳಿಗೆ ದುಡಿದದ್ದು ನೆನಪಿದೆ, ಕಂಪ್ಯೂಟರಿನಲ್ಲಿ ಅದರ ಲೆಕ್ಕವೂ ಇದೆ. ಅವಳ ಕೈಯಲ್ಲಿರುವ ಪುಸ್ತಕದಲ್ಲಿ ಮಾತ್ರ ಏನೂ ಇಲ್ಲ.

ಈ ಸೀಮೆಯ ದುಡಿಮೆಗೆ ತನ್ನದೇ ಆದ ಗತಿಯುಂಟು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಅದು ಮುಗಿದ ಮೇಲೆ ಬಿಳಿಜೋಳದ ಸುಗ್ಗಿ. ಅದೂ ಮುಗಿದರೆ ಜೂನ್ ಮಳೆಯವರೆಗೆ ಎರೆಭೂಮಿ ಬಿರುಕು ಬಿಟ್ಟು ಮಲಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಬಸ್ ನಿಲ್ದಾಣಗಳಲ್ಲಿ ಆಗ ಗಂಟುಮೂಟೆಗಳ ಸಾಲು ಕಾಣುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಎಂದು ಗುಳೆ ಹೊರಟವರ ಜತೆ ಶಾಲೆ ಬಿಟ್ಟ ಮಕ್ಕಳೂ ಇರುತ್ತಾರೆ. ಈ ಕೆಲಸವಿಲ್ಲದ ತಿಂಗಳುಗಳನ್ನು ಊರಲ್ಲೇ ದಾಟಿಸುವುದಕ್ಕೆಂದು ಬಂದದ್ದು ಆ ಜಾಬ್ ಕಾರ್ಡು ಕೊಟ್ಟ ಉದ್ಯೋಗ ಖಾತ್ರಿ ಯೋಜನೆ.

ಈ ವಿಚಾರ ನಮ್ಮ ನೆರೆಯಲ್ಲೇ ಹುಟ್ಟಿದ್ದು. ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರ. 1972ರ ಬರದ ಹೊತ್ತಿಗೆ ಅಲ್ಲಿ ರೋಜಗಾರ ಹಮಿ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿ, 1977ರಲ್ಲಿ ಕಾಯ್ದೆಯಾಯಿತು. ಇಡೀ ದೇಶಕ್ಕೆ 2005ರಲ್ಲಿ ಕಾಯ್ದೆ ಬಂತು. 2006ರ ಫೆಬ್ರುವರಿ 2ರಂದು ಮೊದಲ ಹಂತವಾಗಿ 200 ಜಿಲ್ಲೆಗಳಲ್ಲಿ ಅದು ಜಾರಿಯಾದಾಗ ಆಗಿನ ಗುಲಬರ್ಗಾ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ವರ್ಷಕ್ಕೆ ಮನೆಯೊಂದಕ್ಕೆ 100 ದಿನದ ಕೆಲಸ ಎಂದು ಆ ಕಾಯ್ದೆ ಹೇಳಿತು. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಸಿಕ್ಕರೆ 37 ಸಾವಿರ. ತೊಗರಿ ಕೈಕೊಟ್ಟ ವರ್ಷ ಒಂದು ಮನೆಯನ್ನು ನಿಲ್ಲಿಸುವಷ್ಟು ದುಡ್ಡು ಅದು.

ಕಾಯ್ದೆ ಬರೆದವರು ಕೂಲಿಯ ಮಾತಾಡಿ ಸುಮ್ಮನಾಗಲಿಲ್ಲ. ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಗಾಯಕ್ಕೆ ಔಷಧ ಇರಬೇಕೆಂದರು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜತೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ ಅವಳಿಗೂ ಅಷ್ಟೇ ಕೂಲಿ ಕೊಡಬೇಕೆಂದರು. ಕೆಂಡದಂಥ ಬಿಸಿಲಿನ ಕಲಬುರಗಿ, ಬೆಳಗಾವಿ ವಿಭಾಗಗಳಿಗೆ ಬೇಸಿಗೆಯಲ್ಲಿ ಅಳತೆಯ ರಿಯಾಯಿತಿಯನ್ನೂ ಸರ್ಕಾರ ಕೊಡುತ್ತ ಬಂದಿದೆ. ಅಗೆದ ಮಣ್ಣು ಕಡಿಮೆಯಾದರೂ ಕೂಲಿ ಕಡಿಮೆಯಾಗಬಾರದು ಎಂಬ ಕಾಳಜಿ ಅದು. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಸಲಿಕೆ, ಬುಟ್ಟಿ ಹಿಡಿದ ತಾಯಿಯ ಕಣ್ಣು ಕೂಸಿನ ಮೇಲೇ ಇದ್ದರೆ ಅವಳು ಹೇಗೆ ದುಡಿದಾಳು? ಇವನ್ನು ಸರ್ಕಾರದ ದಾನ ಅನ್ನುವುದು ತಪ್ಪು. ಕೆಲಸ ಕೆಲಸವಾಗಿ ನಡೆಯಬೇಕಾದರೆ ಇವು ಇರಲೇಬೇಕು.

ಹಾಗಾದರೆ ಇವೆಲ್ಲ ಸಿಕ್ಕಿವೆಯೋ ಇಲ್ಲವೋ ಎಂದು ನೋಡುವವರು ಯಾರು? ನನ್ನನ್ನು ಬಹಳ ದಿನದಿಂದ ಕಾಡುವ ಪ್ರಶ್ನೆ ಇದೇ. ನಮ್ಮಲ್ಲಿ ಲೆಕ್ಕಕ್ಕೆ ಬರವಿಲ್ಲ. ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ಇದೆ, ಅಳತೆ ಪುಸ್ತಕವಿದೆ. 2023ರ ಜನವರಿಯಿಂದ ಮೊಬೈಲ್ ಹಾಜರಿಯೂ ಕಡ್ಡಾಯವಾಗಿದೆ. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನ ಇನ್ನೊಂದು. ಇಷ್ಟಾದರೂ 2025ರಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಗಂಡಸರು ಸೀರೆ ಉಟ್ಟು ಹೆಂಗಸರ ಹೆಸರಲ್ಲಿ ಫೋಟೊಗೆ ನಿಂತ ಪ್ರಕರಣ ಬಯಲಾಯಿತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸಚಿವಾಲಯವೇ, ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಹಾಕಿ ಹಾಜರಿ ತೋರಿಸಲಾಗುತ್ತಿದೆ ಎಂದು ರಾಜ್ಯಗಳಿಗೆ ಬರೆದು, ಕಣ್ಣಿಂದ ನೋಡಿ ತಾಳೆ ಮಾಡಿ ಎಂದು ಸೂಚಿಸಬೇಕಾಯಿತು. ಫೋಟೊದಲ್ಲಿ ತಲೆ ಎಣಿಸಬಹುದು. ಅವರ ಕೂಸು ಯಾವ ಜಾಲಿಗಿಡದ ನೆರಳಲ್ಲಿ ಮಲಗಿತ್ತು, ಕೊಡದಲ್ಲಿ ನೀರಿತ್ತೋ ಇಲ್ಲವೋ ಎಂಬುದು ಅದರಲ್ಲಿ ಕಾಣುವುದಿಲ್ಲ.

ಲೆಕ್ಕ ತಪ್ಪುವುದು ಮೊದಲ ಮೆಟ್ಟಿಲಲ್ಲೇ. ನಮೂನೆ 6ರಲ್ಲಿ ಕೆಲಸ ಕೇಳಿದವರಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕು. ಅಲ್ಲಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ‘ಅರ್ಜಿ ಕೊಟ್ಟೀನ್ರಿ, ಚೀಟಿ ಏನೂ ಕೊಟ್ಟಿಲ್ರಿ’ ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಚೀಟಿ ಇಲ್ಲದಿದ್ದರೆ ಅವಳು ಕೇಳಿದ್ದೇ ಇಲ್ಲ. ಕೇಳಿಲ್ಲವೆಂದ ಮೇಲೆ ಕೊಡಲಿಲ್ಲ ಎಂಬ ಮಾತೂ ಇಲ್ಲ. ವರ್ಷದ ಕೊನೆಗೆ ಬೇಡಿಕೆ ಇಷ್ಟು, ಪೂರೈಕೆ ಇಷ್ಟು ಎಂದು ಎರಡೂ ಸರಿಹೊಂದುತ್ತವೆ. ಹೈದರಾಬಾದಿನ ಬಸ್ಸು ಹತ್ತಿದವಳು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕೊನೆಯ ಮೆಟ್ಟಿಲಿನ ಕತೆಯೂ ಹಾಗೆಯೇ. ಹದಿನೈದು ದಿನದಲ್ಲಿ ಕೂಲಿ ಸಿಗಬೇಕು, ತಡವಾದರೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕು. ಆದರೆ ತಡವನ್ನು ಎಣಿಸುತ್ತಿದ್ದದ್ದು ಪಂಚಾಯಿತಿ, ತಾಲ್ಲೂಕು ಮಟ್ಟದಲ್ಲಿ ಹಣ ಪಾವತಿ ಆದೇಶಕ್ಕೆ ಸಹಿ ಬೀಳುವವರೆಗೆ ಮಾತ್ರ. ಅಲ್ಲಿಂದ ದಿಲ್ಲಿಗೆ ಹೋಗಿ ಖಾತೆಗೆ ಬರುವಷ್ಟರಲ್ಲಿ ಎಷ್ಟು ದಿನ ಹೋದರೂ ಲೆಕ್ಕಕ್ಕಿರಲಿಲ್ಲ. 2018ರ ಮೇ 18ರಂದು ಸುಪ್ರೀಂ ಕೋರ್ಟ್ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ, ಆ ತಡಕ್ಕೂ ಕೂಲಿಕಾರರು ಪರಿಹಾರಕ್ಕೆ ಹಕ್ಕುದಾರರು ಎಂದು ಸ್ಪಷ್ಟವಾಗಿ ಹೇಳಿತು. ಕೋರ್ಟು ಹೇಳಿದ್ದರ ತಿರುಳು ಇಷ್ಟು: ಸಹಿ ಬಿದ್ದ ದಿನ ಕಚೇರಿಯ ಕೆಲಸ ಮುಗಿದಿರಬಹುದು, ಕೂಲಿಯವಳ ಕೈಗೆ ರೊಕ್ಕ ಬಂದ ದಿನವೇ ಯೋಜನೆಯ ಕೆಲಸ ಮುಗಿಯುವುದು.

2024ರ ಜನವರಿಯಿಂದ ಆಧಾರ್ ಮೂಲಕವೇ ಪಾವತಿ. ನಮ್ಮ ಕಡೆ ಒಬ್ಬಳನ್ನೇ ಮನೆಯಲ್ಲಿ ಶರಣವ್ವ ಅನ್ನುತ್ತಾರೆ, ಶಾಲೆಯಲ್ಲಿ ಶರಣಮ್ಮ ಎಂದು ಬರೆಯುತ್ತಾರೆ. ಜಾಬ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಕೂಲಿ ನಡುದಾರಿಯಲ್ಲಿ ನಿಲ್ಲುತ್ತದೆ. ಬ್ಯಾಂಕಿಗೆ ಹೋದರೆ ಪಂಚಾಯಿತಿಗೆ ಹೋಗು ಅನ್ನುತ್ತಾರೆ, ಪಂಚಾಯಿತಿಗೆ ಬಂದರೆ ಬ್ಯಾಂಕಿಗೆ. ಆ ಎರಡರ ನಡುವೆ ಓಡಾಡಿದ ದಿನಗಳ ಕೂಲಿ ಅವಳಿಗೆ ಯಾರು ಕೊಡಬೇಕು?

ಇದು ಮಣ್ಣು ಕೆಲಸದ ಯೋಜನೆಗೆ ಮಾತ್ರ ಅಂಟಿದ ರೋಗ ಅಲ್ಲ. ಯುವಕರಿಗೆ ಕೌಶಲ ಕಲಿಸಿ ನೌಕರಿಗೆ ಹಚ್ಚುವ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ ಸಿಎಜಿ ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಪರಿಶೀಲಿಸಿದ ಅಭ್ಯರ್ಥಿಗಳ ದಾಖಲೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚರಲ್ಲಿ ಬ್ಯಾಂಕ್ ಖಾತೆಯ ಜಾಗದಲ್ಲಿ ಸರಿಯಾದ ಸಂಖ್ಯೆಯೇ ಇರಲಿಲ್ಲ. ಸೊನ್ನೆ ಇತ್ತು, ಇಲ್ಲವೇ ಖಾಲಿ ಇತ್ತು. ಪ್ರಮಾಣಪತ್ರ ಎಷ್ಟು ಕೊಟ್ಟೆವು ಎಂಬುದು ನಮಗೆ ಗೊತ್ತು. ಪ್ರಮಾಣಪತ್ರ ಹಿಡಿದ ಹುಡುಗ ಆರು ತಿಂಗಳ ಮೇಲೆ ಎಲ್ಲಿದ್ದಾನೆ, ಏನು ದುಡಿಯುತ್ತಿದ್ದಾನೆ ಎಂದು ಫೋನ್ ಮಾಡಿ ಕೇಳುವವರು ಬೇಕು.

ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಮೇಟಿಗೆ ‘ಕಾಯಕ ಬಂಧು’ ಎಂದು ಹೆಸರಿಟ್ಟಿದ್ದಾರೆ. ಪಂಚಾಯಿತಿ ಮಟ್ಟದಲ್ಲಿ ನೆರವಾಗುವ ಹೆಣ್ಣುಮಗಳಿಗೆ ‘ಗ್ರಾಮ ಕಾಯಕ ಮಿತ್ರ’ ಎಂದು. ಈ ಹೆಸರುಗಳನ್ನು ಇಟ್ಟವರ ಮನಸ್ಸು ದೊಡ್ಡದು. ಬಂಧು ಅಂದಮೇಲೆ ಮೊಬೈಲು ಎತ್ತಿ ಫೋಟೊ ಹೊಡೆದು ಹೊರಟುಬಿಡುವವರಲ್ಲ. ನೀರು ಬಂತೇ, ಮಕ್ಕಳಿಗೆ ನೆರಳಾಯಿತೇ, ಹೋದ ವಾರದ ಕೂಲಿ ಬಿತ್ತೇ ಎಂದು ಕೇಳಿ, ಕೇಳಿದ್ದನ್ನು ಬರೆದು, ಬರೆದದ್ದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಇಡುವವರು. ನೆರವೂ ಲೆಕ್ಕವೂ ಒಂದೇ ಕೈಯಲ್ಲಿದ್ದರೆ ಎರಡೂ ನೆಟ್ಟಗಾಗುತ್ತವೆ. ಅದಕ್ಕೆ ಬಂಧುವಿಗೂ ತರಬೇತಿ ಬೇಕು, ಅವರ ದುಡ್ಡೂ ಹೊತ್ತಿಗೆ ಸರಿಯಾಗಿ ಬರಬೇಕು.

2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸದನ್ನು ಅಂಗೀಕರಿಸಿತು. 100 ದಿನ 125 ಆಯಿತು, ಖರ್ಚಿನಲ್ಲಿ ರಾಜ್ಯಗಳ ಹೆಗಲ ಮೇಲಿನ ಪಾಲು ಮೊದಲಿಗಿಂತ ಹೆಚ್ಚಿತು. ಅದರ ಸರಿ ತಪ್ಪಿನ ಚರ್ಚೆ ನಡೆದೇ ಇದೆ, ನಡೆಯಲಿ. ಆದರೆ ದಿನ ನೂರಾಗಲಿ, ನೂರಿಪ್ಪತ್ತೈದಾಗಲಿ, ದುಡಿದವಳ ಕೈಯಲ್ಲಿರುವ ಪುಟ ಖಾಲಿ ಇದ್ದರೆ ಆ ಸಂಖ್ಯೆ ಅವಳದಾಗುವುದಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಹನ್ನೆರಡು ವರ್ಷ ದಾಟಿತು. ಹಿಂದುಳಿದವರು ಎಂದು ನಮ್ಮನ್ನು ಗುರುತಿಸಿದ್ದಾಯಿತು. ಮುಂದೆ ಬಂದೆವೋ ಇಲ್ಲವೋ ಎಂಬುದನ್ನು ನಾವೇ ಬರೆದಿಡುವುದು ಬಾಕಿ ಇದೆ.

ಕೂಲಿಗೆ ಹೋಗುವವರ ಮನೆಯಲ್ಲಿ ಈಗ ಓದು ಬಲ್ಲ ಮಗಳೋ ಮಗನೋ ಇದ್ದೇ ಇರುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಇವತ್ತು ಸಂಜೆ ಆ ಪ್ಲಾಸ್ಟಿಕ್ ಚೀಲ ಬಿಚ್ಚಿ. ಅವ್ವ ಯಾವಾಗ ಕೆಲಸ ಕೇಳಿದಳು, ಎಷ್ಟು ದಿನ ಹೋದಳು, ಪಾಸ್‌ಬುಕ್ಕಿನಲ್ಲಿ ಯಾವ ದಿನ ಎಷ್ಟು ಬಿತ್ತು ಎಂದು ಒಂದು ವಹಿಯಲ್ಲಿ ಬರೆದು, ಅವಳಿಗೆ ಓದಿ ಹೇಳಿ. ಮುಂದಿನ ಗ್ರಾಮಸಭೆಗೆ ಆ ವಹಿಯನ್ನೂ ಜಾಬ್ ಕಾರ್ಡನ್ನೂ ಹಿಡಿದು ಅವಳ ಜತೆ ಹೋಗಿ, ಖಾಲಿ ಕಲಂ ತುಂಬಿಸಿಕೊಂಡೇ ಮನೆಗೆ ಬನ್ನಿ.