ದಾನವೋ, ಬಿಟ್ಟಿಯೋ?


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕಳೆದ ಭಾನುವಾರ ನಮ್ಮ ಕೂಟದಲ್ಲಿ ದಾನದ ಬಗ್ಗೆ ಓದಿದೆವಲ್ಲ. ಅದಾದ ಮೇಲೆ ಮನೆಯಲ್ಲಿ ಬಂದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ.

ಗೂಗಲ್ ಮ್ಯಾಪ್‌ಗೆ ನಮ್ಮ ಕಡೆಯ ಊರು, ದಾರಿ ಸೇರಿಸುವ ಅಭ್ಯಾಸ ನನಗಿದೆ. 2015ರಲ್ಲಿ ಅವರು ಇದಕ್ಕೆ ‘ಲೋಕಲ್ ಗೈಡ್ಸ್’ ಎಂದು ಹೆಸರಿಟ್ಟರು. ಫೋಟೊ ಹಾಕಿದರೆ, ದಾರಿ ತಿದ್ದಿದರೆ ಪಾಯಿಂಟ್, ಹತ್ತು ಮೆಟ್ಟಿಲು, ಸಂಬಳವಿಲ್ಲ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಫೋಟೊ ಹಾಕುವವರಿಗೆ ಬರವೇ ಇಲ್ಲ. ನಮ್ಮ ಕೇರಿಗೆ ಯಾರು ಹಾಕುತ್ತಾರೆ? ಒಂದು ರಾತ್ರಿ ಬಾಡಿಗೆ ಕಾರಿನ ಡ್ರೈವರ್ ತಿರುವು ಗೊತ್ತಾಗದೆ ಅರ್ಧ ಗಂಟೆ ಸುತ್ತಿದ. ಇತ್ತ ಮನೆಯಲ್ಲಿ ತಂಗಿಗೆ ಹೆರಿಗೆ ನೋವು. ಅಂದಿನಿಂದ ಶುರು ಮಾಡಿದ್ದು.

ಮೊನ್ನೆ ಮಗ ಅಂದ: “ಮುತ್ತಾತ ಊರ ಯಜಮಾನರ ಮನೇಲಿ ಬಿಟ್ಟಿ ಚಾಕರಿ ಮಾಡಿದ್ರು ಅಂತೀರಲ್ಲಪ್ಪಾ, ನೀವು ಕಂಪನಿಗೆ ಮಾಡ್ತಿದ್ದೀರಿ ಅಷ್ಟೇ.”

ಬಿಟ್ಟಿ ಎನ್ನುವುದು ನಮ್ಮ ಮನೆಗಳಲ್ಲಿ ಹಗುರವಾದ ಮಾತಲ್ಲ. 1928ರಲ್ಲಿ ಬಾಬಾಸಾಹೇಬರು ಮಹಾರ್ ವತನದ ವಿರುದ್ಧ ಮುಂಬಯಿ ಶಾಸನ ಸಭೆಯಲ್ಲಿ ಮಸೂದೆ ತಂದದ್ದು ಇದಕ್ಕಾಗಿಯೇ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ನಮ್ಮಲ್ಲಿ ತೋಟಿ, ತಳವಾರಿಕೆ ಹೋಗಲು 1961ರ ಕಾಯ್ದೆ ಬೇಕಾಯಿತು. ತಾತನಿಗೆ ಹಬ್ಬದ ದಿನ ಒಂದು ಮೊರ ರಾಗಿ ಕೊಟ್ಟು ‘ನೀನು ನಮ್ಮ ಮನೆಯವನೇ ಕಣೋ’ ಎನ್ನುತ್ತಿದ್ದರಂತೆ. ಈಗ ‘ಕಮ್ಯುನಿಟಿ’ ಎಂಬ ಮಾತು ಕೇಳಿದಾಗ ಆ ಮೊರ ನೆನಪಾಗುತ್ತದೆ.

ಆದರೆ ತಾತ ‘ಆಗಲ್ಲ’ ಎನ್ನುವಂತಿರಲಿಲ್ಲ. ನಾನು ಅನ್ನಬಹುದು. ಅಷ್ಟು ವ್ಯತ್ಯಾಸ ಇದ್ದೇ ಇದೆ.

ಹಾಗಾದರೆ ದಾನವೇ? ಉಪಾಸಿಕೆ ನಂದಮಾತೆ ಭಿಕ್ಖು ಸಂಘಕ್ಕೆ ದಾನ ಕೊಟ್ಟ ಪ್ರಸಂಗದಲ್ಲಿ ಭಗವಾನರು ಆರು ಅಂಗ ಹೇಳುತ್ತಾರೆ (ಅಂಗುತ್ತರ ನಿಕಾಯ, ಆರರ ನಿಪಾತ). ಮೂರು ಕೊಡುವವರವು: ಕೊಡುವ ಮುನ್ನ, ಕೊಡುವಾಗ, ಕೊಟ್ಟ ಮೇಲೆ ಮನಸ್ಸು ಪ್ರಸನ್ನವಾಗಿರಬೇಕು. ಮೂರು ಪಡೆಯುವವರವು: ರಾಗ, ದ್ವೇಷ, ಮೋಹ ಕಳೆದವರೋ, ಕಳೆಯಲು ಹೊರಟವರೋ ಆಗಿರಬೇಕು. ಮ್ಯಾಪಿನ ಮೇಲೆ ಜಾಹೀರಾತು ಮಾರುವ ಕಂಪನಿ ಆ ಸಾಲಿಗೆ ಸೇರುವುದಿಲ್ಲ. ಸೇರಿಸಲು ನಾನು ಹೊರಟರೆ ನನ್ನದೇ ಮೋಹ! ಪಡೆಯುವವರು ಅಂಥವರಲ್ಲದಿದ್ದರೂ ಕೊಡುವವರ ಕಡೆಯಿಂದ ದಾನ ಶುದ್ಧವಾಗಬಹುದು ಎಂಬುದು ದಕ್ಖಿಣಾವಿಭಂಗ ಸುತ್ತದ ಮಾತು. ಸರಿ, ನನ್ನ ಕಡೆ ಹೇಗಿತ್ತು?

ಮೊದಲ ವರ್ಷ ಚೆನ್ನಾಗಿತ್ತು. ಆರನೇ ಮೆಟ್ಟಿಲು ಹತ್ತಿರ ಬಂದಾಗ ಕೆ.ಆರ್. ನಗರದ ಹೋಟೆಲಿನಲ್ಲಿ ಬರೀ ಟೀ ಲೋಟದ ಫೋಟೊ ಹಾಕಿದ್ದೇನೆ. ಕೊಟ್ಟ ಮೇಲೆ ಎಷ್ಟು ಜನ ನೋಡಿದರು ಎಂದು ರಾತ್ರಿ ಎದ್ದು ಎಣಿಸಿದ್ದೇನೆ. ಅದನ್ನು ಚಾಗ ಅನ್ನಲಾದೀತೇ?

ಇನ್ನೂ ಕಷ್ಟದ್ದು ಬೇರೆ ಇದೆ. ಎಚ್.ಡಿ. ಕೋಟೆ ಕಡೆ ಒಂದು ಜೇನುಕುರುಬರ ಹಾಡಿಯನ್ನು ಗುರುತಿಸಿ ಬೀಗಿದ್ದೆ. ಅಲ್ಲಿ ಯಾರನ್ನೂ ಕೇಳಿರಲಿಲ್ಲ. ನನ್ನದಲ್ಲದ್ದನ್ನು ನಾನು ಹೇಗೆ ದಾನ ಕೊಡಲಿ? ಎರಡನೇ ಶೀಲವನ್ನು ದಿನಾ ಬಾಯಲ್ಲಿ ಹೇಳುವವನು ನಾನು.

ಹೋದ ವಾರ ಹೋಗಿ ಕೇಳಿದೆ. ಹಿರಿಯರೊಬ್ಬರು ನಕ್ಕು, “ಸ್ಕೂಲು, ನೀರಿನ ಟ್ಯಾಂಕು, ಗಾಡಿ ಬರೋ ದಾರಿ ಹಾಕಪ್ಪ. ಕಾಡೊಳಗಿನ ದೇವರ ಜಾಗ ಬೇಡ, ಜನ ಮೊಬೈಲ್ ಹಿಡ್ಕೊಂಡು ಬತ್ತಾರೆ” ಅಂದರು. ಆ ಒಂದು ಗುರುತನ್ನು ಅಲ್ಲೇ ಕೂತು ತೆಗೆಸಲು ಕಳಿಸಿದೆ. ಮಿಕ್ಕದ್ದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಹಾಕುತ್ತಿದ್ದೇನೆ. 2004ರಲ್ಲಿ ಶುರುವಾದ ಆ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದು. ಅಲ್ಲಿ ಮೆಟ್ಟಿಲುಗಳಿಲ್ಲ. ಕೈ ಮಾತ್ರ ಆಗಾಗ ಪಾಯಿಂಟ್ ಹುಡುಕುತ್ತದೆ.

ಭವತು ಸಬ್ಬ ಮಂಗಳಂ 🙏