ಗೋಡೆಯ ಮೇಲಿನ ಕವಿ

ಕವಿಯ ಮುಖವನ್ನು ಅವನದೇ ಅಕ್ಷರಗಳಿಂದ ಬಿಡಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕುವೆಂಪು ಅವರ ಕೂದಲು ಒಂದು ಕವಿತೆಯ ಸಾಲುಗಳಿಂದ, ಬೇಂದ್ರೆಯವರ ಹಣೆಯ ಗೆರೆಗಳು ಇನ್ನೊಂದರ ಸಾಲುಗಳಿಂದ, ಪುರಂದರದಾಸರ ತಂಬೂರಿ ಅವರ ಕೀರ್ತನೆಗಳ ಅಕ್ಷರಗಳಿಂದ. ರಾಜ್ಯೋತ್ಸವ ಹತ್ತಿರವಾದಂತೆ ಇವು ಟೀ ಶರ್ಟಿನ ಮೇಲೆ, ಕಾಫಿ ಮಗ್ಗಿನ ಮೇಲೆ, ಕಟ್ಟು ಹಾಕಿಸಿದ ಮುದ್ರಣಗಳಾಗಿ ಬರುತ್ತವೆ. ಡೊಂಬಿವಲಿಯ, ಮೀರಾ ರೋಡಿನ ಫ್ಲ್ಯಾಟುಗಳಲ್ಲಿ ಕನ್ನಡದ ಮನೆ ಇದು ಎಂದು ಹೇಳುವ ಗುರುತು ಎಷ್ಟೋ ಸಲ ಇಂಥದೊಂದು ಚಿತ್ರವೇ ಆಗಿರುತ್ತದೆ. ನೋಡಲು ಚೆಂದ. ಅಭಿಮಾನದಿಂದಲೇ ಮಾಡಿದ್ದು, ಅಭಿಮಾನದಿಂದಲೇ ಕೊಂಡದ್ದು. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅನ್ನಿಸುತ್ತದೆ. ತೀರಿಹೋದ ಲೇಖಕನಿಗೆ ಇದರಿಂದ ನಿಜಕ್ಕೂ ಏನು ಸಲ್ಲುತ್ತದೆ? ನಾವು ಅವನಿಗೆ ಕೊಡಬೇಕಾದ್ದು ಏನಾದರೂ ಇದೆಯೇ?

ಸತ್ತವರಿಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಅವರಿಗೆ ನಮ್ಮಿಂದ ಏನೂ ಬರಬೇಕಿಲ್ಲ ಎಂದು ವಾದಿಸಬಹುದು. ಕಾನೂನು ಕೂಡ ಅಷ್ಟು ಕಠಿಣವಾಗಿಲ್ಲ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1981ರಲ್ಲಿ ಅಗಲಿದ ಬೇಂದ್ರೆಯವರ ಸಾಲುಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರ ಸಾಲುಗಳಿಗೆ 2054ರ ಕೊನೆಯವರೆಗೆ ಅನುಮತಿ ಕೇಳಬೇಕು. ಅಲ್ಲಿಂದಾಚೆಗೆ ಅವು ಎಲ್ಲರ ಸ್ವತ್ತು. ಕಾನೂನಿನ ಲೆಕ್ಕ ಹೀಗೆ ಒಂದು ದಿನ ಚುಕ್ತಾ ಆಗುತ್ತದೆ. ಋಣದ ಲೆಕ್ಕ ಬೇರೆ.

ನಮ್ಮ ಹಿರಿಯರು ಮೂರು ಋಣ ಹೇಳಿದ್ದಾರೆ. ದೇವಋಣ ಯಜ್ಞದಿಂದ ತೀರುತ್ತದೆ, ಪಿತೃಋಣ ಸಂತಾನದಿಂದ. ಋಷಿಋಣ ಮಾತ್ರ ಅಧ್ಯಯನದಿಂದ ತೀರಬೇಕು. ಈ ವಿಂಗಡಣೆಯ ಹಿಂದಿನ ನಂಬಿಕೆಗಳನ್ನು ಒಪ್ಪದಿದ್ದರೂ ಇದರಲ್ಲಿ ಒಂದು ಸೂಕ್ಷ್ಮವಿದೆ: ಯಾರಿಂದ ಏನು ಪಡೆದೆವೋ ಅದಕ್ಕೆ ತಕ್ಕ ರೀತಿಯಲ್ಲೇ ಹಿಂದಿರುಗಿಸಬೇಕು. ಮಾತು ಕೊಟ್ಟವರ ಋಣ ಮಾತಿನಿಂದಲೇ ತೀರಬೇಕು. ನಾವಾದರೋ ಕವಿಯನ್ನು ಪಿತೃಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಗೋಡೆಗೊಂದು ಪಟ, ಪಟಕ್ಕೊಂದು ಹಾರ, ವರ್ಷಕ್ಕೊಂದು ದಿನ.

ಹಾಗೆಂದು ಅಕ್ಷರದಿಂದ ಚಿತ್ರ ಕಟ್ಟುವುದೇ ತಪ್ಪು ಎನ್ನಲಾಗದು. ಅದು ನಮಗೆ ಬಹಳ ಹಳೆಯದು. ಕವಿರಾಜಮಾರ್ಗಕ್ಕೆ ಆಕರವಾದ ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲೇ ಗೋಮೂತ್ರಿಕೆಯಂಥ ಬಂಧಗಳ ವಿವರಣೆ ಇದೆ. ನಡೆಯುತ್ತಿರುವ ಹಸುವಿನ ಮೂತ್ರ ನೆಲದ ಮೇಲೆ ಬಿಡುವ ಅಂಕುಡೊಂಕು ಗೆರೆಯಂತೆ, ಎರಡು ಸಾಲುಗಳ ಅಕ್ಷರಗಳನ್ನು ಮೇಲೊಂದು ಕೆಳಗೊಂದು ಹೆಕ್ಕುತ್ತ ಓದಿದರೂ ಅದೇ ಪದ್ಯ ಬರುತ್ತದೆ. ಪದ್ಮಬಂಧದಲ್ಲಿ ನಡುವಿನ ಒಂದೇ ಅಕ್ಷರ ಎಲ್ಲ ದಳಗಳಿಗೂ ಸೇರಿದ್ದು. ಓದುವವನು ಮತ್ತೆ ಮತ್ತೆ ಅಲ್ಲಿಗೆ ಬಂದು ಇನ್ನೊಂದು ದಳಕ್ಕೆ ಹೋಗಬೇಕು. ಮಾಘನ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದ ಕೊನೆಯ ಚಕ್ರಬಂಧದಲ್ಲಿ ಕವಿಯ ಹೆಸರು, ಕಾವ್ಯದ ಹೆಸರು ಎರಡೂ ಅಡಗಿವೆ. ಪದ್ಯವನ್ನು ಚಕ್ರದ ಅರಗಳಲ್ಲಿ ಬರೆದು ಸುತ್ತಲೂ ಓದಿದವನಿಗೆ ಮಾತ್ರ ಅವು ಸಿಗುತ್ತವೆ.

ಹಳೆಯ ಬಂಧಕ್ಕೂ ಇಂದಿನ ಅಕ್ಷರಮುಖಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಪದ್ಮಬಂಧದಲ್ಲಿ ಓದಿದರೆ ಮಾತ್ರ ಕಮಲ ಕಾಣುತ್ತದೆ. ಅಕ್ಷರಮುಖದಲ್ಲಿ ಓದುವುದನ್ನು ನಿಲ್ಲಿಸಿದರೆ ಮಾತ್ರ ಮುಖ ಕಾಣುತ್ತದೆ. ಹತ್ತಿರ ಹೋದರೆ ಮೂಗು, ಕಣ್ಣು ಮಾಯವಾಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಬಂದು ಅಕ್ಷರಗಳು ಬರೀ ಕಪ್ಪು ಚುಕ್ಕೆಗಳಾದಾಗ ಕವಿ ಎದ್ದು ಬರುತ್ತಾನೆ. ಜೀವಮಾನವಿಡೀ ಒಂದೊಂದು ಪದಕ್ಕೆ ತೂಕ ಹುಡುಕಿದವನ ಪದಗಳು ಅವನದೇ ಗಡ್ಡಕ್ಕೆ ನೆರಳು ಕೊಡುವ ಶಾಯಿಯಾಗುತ್ತವೆ. ಕೆಲವು ಮುದ್ರಣಗಳಲ್ಲಿ ಒಂದೇ ಸಾಲು ಹತ್ತು ಕಡೆ ತುಂಬಿರುತ್ತದೆ, ಸಾಲು ಅರ್ಧಕ್ಕೆ ಕತ್ತರಿಸಿ ಕಿವಿಯ ತಿರುವು ಸರಿಮಾಡಿರುತ್ತಾರೆ. ಅಲ್ಲಿ ಯಾವ ಪದ್ಯ ಇದ್ದರೂ ಮುಖ ಅದೇ ಆಗುತ್ತಿತ್ತು.

ಅಲಂಕಾರಶಾಸ್ತ್ರಜ್ಞರು ಚಿತ್ರಕಾವ್ಯವನ್ನು ಮೆಚ್ಚಿದವರೇನಲ್ಲ. ಮಮ್ಮಟ ಕಾವ್ಯವನ್ನು ಮೂರು ದರ್ಜೆ ಮಾಡಿ, ಚಿತ್ರಕ್ಕೆ ಕೊನೆಯ ದರ್ಜೆ ಕೊಟ್ಟ. ಕಮಲ ಕಟ್ಟಿದ ಮಾತ್ರಕ್ಕೆ ಪದ್ಯ ದೊಡ್ಡದಾಗುವುದಿಲ್ಲ ಎಂಬುದು ಸರಿಯೇ. ಇಲ್ಲಿ ಕೇಳುತ್ತಿರುವುದು ಯಾವುದು ಮೇಲಿನ ಕಲೆ ಎಂದಲ್ಲ. ಚಿತ್ರ ನಮ್ಮನ್ನು ಮಾತಿನ ಹತ್ತಿರ ಕರೆಯುತ್ತದೆಯೋ, ಮಾತಿನಿಂದ ನಮಗೆ ರಿಯಾಯಿತಿ ಕೊಡುತ್ತದೆಯೋ ಎಂಬುದಷ್ಟೇ.

ಮಾತು ಕಳೆದು ಚಿತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ಸಾಕ್ಷಿ ಇದೆ. ಬೊರಿವಲಿ ಪಶ್ಚಿಮದ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದವೆನ್ನುವ ಆರು ವೀರಗಲ್ಲುಗಳಿವೆ. ಕರ್ನಾಟಕದ ಊರೂರಲ್ಲಿ ನಾವು ನೋಡಿದಂಥವೇ, ಪಟ್ಟಿಕೆ ಪಟ್ಟಿಕೆಯಾಗಿ ಕೆತ್ತಿದವು. ಅವುಗಳಲ್ಲಿ ಹಡಗುಗಳ ಸಾಲು, ಹುಟ್ಟು ಹಾಕುವವರು, ಸಮುದ್ರದ ಕಾಳಗ ಕಾಣುತ್ತವೆ. ಕಲ್ಲು ನೆಟ್ಟವರ ಭಕ್ತಿಯಲ್ಲಿ ಅನುಮಾನವಿಲ್ಲ. ಆದರೆ ಹಡಗಿನಲ್ಲಿ ಸತ್ತವನ ಹೆಸರು ಇಂದು ಓದಲು ಸಿಗುವುದಿಲ್ಲ. ಯಾವ ಯುದ್ಧವೆಂದು ವಿದ್ವಾಂಸರು ಊಹಿಸಬೇಕು. ಬರಹ ಉಳಿದಿರುವ ನಮ್ಮ ವೀರಗಲ್ಲುಗಳು ಇವನು ಇಂಥ ಊರಿನವನು, ತುರುಗಳನ್ನು ಬಿಡಿಸಿ ಸತ್ತ ಎಂದು ಇವತ್ತಿಗೂ ಒಬ್ಬ ಮನುಷ್ಯನನ್ನು ನಮ್ಮೆದುರು ನಿಲ್ಲಿಸುತ್ತವೆ. ಎಕ್ಸರ್‌ನ ಕಲ್ಲು ಶೌರ್ಯವನ್ನು ತೋರಿಸುತ್ತದೆ, ಶೂರನನ್ನು ತೋರಿಸಲಾರದು. ಓದದ ಕವಿಯ ಪಟವೂ ಹೀಗೆ ‘ಕವಿ’ ಎಂಬ ಜಾತಿಯನ್ನು ತೋರಿಸುತ್ತದೆ, ಬೇಂದ್ರೆಯನ್ನಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಣೆ ನಮ್ಮ ಮನೆಗಳಿಂದಲೇ ಬರುತ್ತದೆ. ಈ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕನ್ನಡ ಕಲಿತ ತಲೆಮಾರೊಂದಿತ್ತು. ಅವರಿಗೆ ಅಕ್ಷರ ನಿದ್ದೆಗೆಟ್ಟು ಗಳಿಸಿದ್ದು. ಅವರ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ, ತುಳು, ಕೊಂಕಣಿ ಮಾತಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಓದುತ್ತಾರೆ. ಕನ್ನಡ ಲಿಪಿ ಅವರಲ್ಲಿ ಎಷ್ಟೋ ಮಂದಿಗೆ ಬಾರದು. ಅಂಥ ಹುಡುಗಿಗೆ ಕನ್ನಡದ ಪ್ರತಿಯೊಂದು ಪುಟವೂ ಚಿತ್ರಕಾವ್ಯವೇ: ದುಂಡಗಿನ, ಬಳ್ಳಿಯಂಥ, ಅರ್ಥ ಬಿಟ್ಟುಕೊಡದ ಆಕಾರಗಳು. ಅವಳ ಕೋಣೆಯಲ್ಲಿ ಬೇಂದ್ರೆಯವರ ಅಕ್ಷರಮುಖ ಇದ್ದರೆ, ಅದೂ ಬೇಡವೆನ್ನಲು ನಾವು ಯಾರು? ಏನೂ ಇಲ್ಲದಿರುವುದಕ್ಕಿಂತ ಪಟವಾದರೂ ಇರಲಿ ಎನ್ನುವ ತಾಯಿಯ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಇದಕ್ಕೆ ಉತ್ತರ ಸಂಗೀತದ ಕಡೆಯಿಂದ ಸಿಗಬಹುದು. ಸಂಸ್ಕೃತದ ಬಂಧ, ಪಾರಸಿಯಿಂದ ಬಂದ ಬಂದಿಶ್, ಎರಡರ ಹುರುಳೂ ಕಟ್ಟುವುದೇ. ಹದಿನೆಂಟನೆಯ ಶತಮಾನದಲ್ಲಿ ಮುಹಮ್ಮದ್ ಶಾನ ಆಸ್ಥಾನದಲ್ಲಿದ್ದ ನಿಯಾಮತ್ ಖಾನ್ ತಾನು ಕಟ್ಟಿದ ಬಂದಿಶ್‌ಗಳಲ್ಲಿ ‘ಸದಾರಂಗ್’ ಎಂಬ ಹೆಸರನ್ನು ಹೆಣೆದ. ಇವತ್ತು ದಾದರಿನ ಯಾವುದೋ ಸಭಾಂಗಣದಲ್ಲಿ ಗಾಯಕಿಯೊಬ್ಬಳು ಅದನ್ನು ಹಾಡಿದರೆ, ಆ ಹೆಸರು ಅವಳ ಉಸಿರಿನಲ್ಲೇ ಬರಬೇಕು. ಪುರಂದರದಾಸರ ಅಂಕಿತವೂ ಹಾಗೆಯೇ, ಹಾಡಿ ಮುಗಿಸುವ ಹೊತ್ತಿಗೆ ತಾನಾಗಿ ಬಾಯಿಗೆ ಬರುತ್ತದೆ. ವಾಗ್ಗೇಯಕಾರನಿಗೆ ಗೌರವ ಸಲ್ಲಿಸಲು ಅವನ ಕೃತಿಯನ್ನು ಹಾಡಿದರೆ ಸಾಕು. ಇದಕ್ಕೆ ಲಿಪಿ ಬರಲೇಬೇಕೆಂದಿಲ್ಲ. ಕಿವಿ ಬೇಕು, ಕಲಿಸುವವರು ಬೇಕು. ಓದು ಎಂದರೆ ಕೊನೆಗೂ ಸತ್ತವನ ಮಾತಿಗೆ ನಮ್ಮ ದನಿಯನ್ನು ಸಾಲ ಕೊಡುವುದು. ಲಿಪಿ ಬಾರದ ಆ ಹುಡುಗಿಗೂ ಒಂದು ಪದ್ಯ ಬಾಯಿಪಾಠ ಬಂದರೆ, ಪಟ ಅವಳ ಪಾಲಿಗೆ ಮೂಕವಾಗಿ ಉಳಿಯುವುದಿಲ್ಲ.

ಗೌರವಿಸುವವನಿಗೂ ಒಂದು ಸಂಕೋಚ ಬೇಕು. 1968ರಲ್ಲಿ ಕಲಾವಿದ ಮಾರ್ಸೆಲ್ ದ್ಯುಶಾಂ ತೀರಿಕೊಂಡಾಗ ಅಮೆರಿಕದ ಸಂಗೀತಕಾರ ಜಾನ್ ಕೇಜ್ ಮರುವರ್ಷ ಒಂದು ಕೃತಿ ಮಾಡಿದ. ಮಾರ್ಸೆಲ್ ಬಗ್ಗೆ ಏನನ್ನೂ ಹೇಳಬಯಸುವುದಿಲ್ಲ ಎಂಬರ್ಥದ ಹೆಸರು ಅದಕ್ಕೆ. ಚೀನೀ ಶಕುನ ಗ್ರಂಥ ಯಿ ಚಿಂಗ್‌ನ ನೆರವಿನಿಂದ ನಿಘಂಟಿನ ಪದಗಳನ್ನು ಅದೃಷ್ಟಕ್ಕೆ ಬಿಟ್ಟು ಆಯ್ದು, ಪಾರದರ್ಶಕ ಹಾಳೆಗಳ ಮೇಲೆ ಒಡೆದ ಅಕ್ಷರಗಳಾಗಿ ಮುದ್ರಿಸಿ, ಒಂದರ ಹಿಂದೊಂದು ನಿಲ್ಲಿಸಿದ. ಅದರಲ್ಲಿ ದ್ಯುಶಾಂನ ಮುಖವಿಲ್ಲ, ಅವನ ಮಾತೂ ಇಲ್ಲ. ಆಪ್ತನ ಮಾತನ್ನು ತಾನು ಬಳಸಿಕೊಳ್ಳಬಾರದೆಂಬ ಹಿಂಜರಿಕೆಯೇ ಅಲ್ಲಿ ಗೌರವವಾಗಿದೆ ಎಂದು ನನಗೆ ತೋರುತ್ತದೆ.

ನಮ್ಮ ನಗರದವರೇ ಆದ ಆರ್. ಕೆ. ಜೋಶಿಯವರನ್ನೂ ಇಲ್ಲಿ ನೆನೆಯಬೇಕು. ಜಾಹೀರಾತು ಸಂಸ್ಥೆಯಲ್ಲಿ ದುಡಿದು, ಆಮೇಲೆ ಪೊವಾಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸಿದವರು, ಅಕ್ಷರಗಳ ಆಕಾರದಲ್ಲೇ ಕವಿತೆ ಕಟ್ಟಿದ ಕವಿ. ವಿಂಡೋಸ್ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆಂದು ಬಂದ ‘ತುಂಗಾ’ ಅಕ್ಷರಗಳು ಅವರ ನಿರ್ದೇಶನದಲ್ಲಿ ರೂಪುಗೊಂಡವು. 2008ರಲ್ಲಿ ಅವರು ತೀರಿಕೊಂಡರು. ಊರಿನಿಂದ ದೂರ ಕುಳಿತು ಪರದೆಯ ಮೇಲೆ ಕನ್ನಡ ಓದಿದ ನಮ್ಮಲ್ಲಿ ಬಹಳ ಮಂದಿ ಅವರ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅವರು ರೂಪಿಸಿದ ಅಕ್ಷರಗಳನ್ನು ಓದಿದ್ದೇವೆ. ಓದಿಗೆ ದಾರಿ ಮಾಡಿಕೊಟ್ಟ ಚಿತ್ರಕಾರನ ಋಣವೂ ಓದಿನಿಂದಲೇ ತೀರುತ್ತದೆ.

ಹಾಗಾದರೆ ಕವಿಗೆ ಸಲ್ಲುವ ಮುದ್ರಣ ಹೇಗಿರಬಹುದು? ‘ನಾಕು ತಂತಿ’ಯನ್ನೇ ತೆಗೆದುಕೊಳ್ಳಿ. ನಾನು, ನೀನು, ಆನು, ತಾನು ಎಂಬ ನಾಲ್ಕು ಭಾಗಗಳು ನಾಲ್ಕು ತಂತಿಗಳಾಗಿ ಹಾಳೆಯುದ್ದಕ್ಕೂ ಇಳಿದಿವೆ, ಪ್ರತಿ ಅಕ್ಷರವೂ ಸ್ಪಷ್ಟವಾಗಿದೆ, ಒಂದು ತಂತಿಯನ್ನು ಬೆರಳಿಟ್ಟು ಓದಿದರೆ ಇನ್ನೊಂದಕ್ಕೆ ಹೋಗಲೇಬೇಕೆನಿಸುತ್ತದೆ ಎಂದುಕೊಳ್ಳೋಣ. ಕವಿಯ ಮುಖ ಎಲ್ಲೂ ಇಲ್ಲ. ವಿನ್ಯಾಸಕಾರನ ಹೆಸರು ಹಿಂಬದಿಯಲ್ಲಿದೆ. ಅಂಥದನ್ನು ಮಾಡಲು ಕವಿತೆಯನ್ನು ಮೊದಲು ಓದಿರಬೇಕು, ತೂಗುಹಾಕಿದವರ ಮನೆಯಲ್ಲೂ ಯಾರಾದರೊಬ್ಬರು ಓದುತ್ತಾರೆ. ಬರೀ ಮುಖದ ಪಟ ಈಗಾಗಲೇ ಗೋಡೆಯ ಮೇಲಿದ್ದರೆ ಅದನ್ನು ಇಳಿಸಬೇಕೆಂದೇನೂ ಇಲ್ಲ. ಅದರ ಕೆಳಗೆ ಆ ಪುಸ್ತಕವೊಂದು ಕೈಗೆಟುಕುವಂತಿದ್ದರೆ ಸಾಕು. ಧಾರವಾಡದ ಬೇಂದ್ರೆ ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ, 1981ರ ಅಕ್ಟೋಬರ್ 26ರಂದು. ಆ ದಿನ ಬರುವ ಮುಂಚೆ ನಮ್ಮ ಮನೆಯ ಮಕ್ಕಳಿಗೆ ಅವರ ಎರಡು ಪದ್ಯ ಬಾಯಿಗೆ ಬರುವಂತೆ ಕಲಿಸಲು ನಮಗೆ ಸಮಯವಿದೆ.